ಮೂರು ಜಿಲ್ಲೆಯ ಸರ್ವೆ ಫೈಲ್ ಕೂಡಿಸಿದರೆ 'ಜೋಳ' ಎರಡು ಕಾಲಂ ಆಗುತ್ತಿದೆ, ಕಾಲಂ ಹೆಸರು ಸರಿ ಮಾಡುವುದು ಹೇಗೆ?

ಎಡದಂಡೆ_ಸಿಂಧನೂರು

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ನಾವು ಕೆಲವರು ಸೇರಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮನೆ ಮನೆ ಸರ್ವೆ ಮಾಡಿದ್ದೇವೆ. ತುಂಗಭದ್ರಾ ಕಾಲುವೆ ಕೆಳಗಿನ ಊರುಗಳೂ ಇವೆ, ಮಳೆ ನಂಬಿದ ಊರುಗಳೂ ಇವೆ. ಎಷ್ಟು ಜಮೀನು, ಯಾವ ಬೆಳೆ, ಕೊನೆ ಭಾಗಕ್ಕೆ ನೀರು ಬಂತಾ, ಬೋರ್‌ವೆಲ್ ಇದೆಯಾ, ಸಾಲ ಎಷ್ಟು, ಇಂಥ ಪ್ರಶ್ನೆಗಳು. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದ ಮೇಲೆ ನೀರಿನ ಮಾತು ಎಲ್ಲರ ಬಾಯಲ್ಲೂ ಇದೆ. ನಮ್ಮ ಊರುಗಳ ಲೆಕ್ಕ ನಮ್ಮ ಕೈಯಲ್ಲೂ ಇರಲಿ ಅಂತ ಶುರು ಮಾಡಿದ ಕೆಲಸ ಇದು.

ಪ್ರಶ್ನಾವಳಿ ಒಂದೇ, 38 ಪ್ರಶ್ನೆ. ತುಂಬಿದ ರೀತಿ ಮಾತ್ರ ಮೂರು. ಬಳ್ಳಾರಿ ತಂಡ ಗೂಗಲ್ ಫಾರ್ಮ್‌ನಲ್ಲಿ ತುಂಬಿತು. ನಾವು ರಾಯಚೂರಿನವರು ಕೋಬೊ ಅನ್ನುವ ಸರ್ವೆ ಆ್ಯಪ್ ಬಳಸಿದೆವು. ಕೊಪ್ಪಳದವರು ಕಾಗದದ ಮೇಲೆ ಬರೆದುಕೊಂಡು ಬಂದು ಎಕ್ಸೆಲ್‌ಗೆ ಹಾಕಿದರು. ಅಲ್ಲಿ ಟೈಪ್ ಮಾಡಿದವರು ನುಡಿಯಲ್ಲಿ ಹೊಡೆದು, ಆಮೇಲೆ ಯೂನಿಕೋಡ್‌ಗೆ ಬದಲಾಯಿಸಿ ಕೊಟ್ಟಿದ್ದಾರೆ.

ಪೈಥಾನ್‌ನ ಪಾಂಡಾಸ್‌ನಲ್ಲಿ (ಟೇಬಲ್ ಲೆಕ್ಕಕ್ಕೆ ಬಳಸುವ ಕೋಡ್ ಸಂಗ್ರಹ) ಮೂರನ್ನೂ ಓದಿಸಿ, ಒಂದರ ಕೆಳಗೆ ಒಂದು ಜೋಡಿಸಲು ಕಾನ್‌ಕ್ಯಾಟ್ ಕೊಟ್ಟೆ. ಯಾವ ಎರರೂ ಬರಲಿಲ್ಲ. 38 ಇರಬೇಕಾದ ಕಾಲಂ 94 ಆಗಿವೆ! ಉದ್ದುದ್ದ ಪ್ರಶ್ನೆಗಳನ್ನು ಕೈಯಿಂದಲೇ ಒಂದಿಷ್ಟು ಸರಿ ಮಾಡಿದೆ. ಅಷ್ಟಾದರೂ 'ಜೋಳ' ಎರಡು ಸಲ, 'ಬೋರ್‌ವೆಲ್' ಎರಡು ಸಲ ಕಾಣುತ್ತಿವೆ. ಬೋರ್‌ವೆಲ್ ಒಂದರಲ್ಲಿ 'ಬೋರ್ವೆಲ್' ಅಂತ ಅಂಟಿಕೊಂಡಿದೆ. ಎರಡು ಜೋಳವನ್ನು ಪಕ್ಕ ಪಕ್ಕ ಇಟ್ಟು ನೋಡಿದೆ, ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ. ಸ್ಟ್ರಿಪ್ ಹಾಕಿ ಹಿಂದೆ ಮುಂದೆ ಇದ್ದ ಖಾಲಿ ಜಾಗ ತೆಗೆದೆ. ಆಗಲೂ ಎರಡೇ. ಒಂದು ಜೋಳದ ಕಾಲಂನಲ್ಲಿ ಕೊಪ್ಪಳದ ಮನೆಗಳಷ್ಟೇ ತುಂಬಿವೆ. ಇನ್ನೊಂದರಲ್ಲಿ ಕೊಪ್ಪಳ ಪೂರ್ತಿ ಖಾಲಿ.

ನಾನು ಗಮನಿಸದೆ ಎರಡನೇ ಕಾಲಂ ಹಿಡಿದು ಸರಾಸರಿ ತೆಗೆದಿದ್ದರೆ, ಕೊಪ್ಪಳದಲ್ಲಿ ಜೋಳವೇ ಇಲ್ಲ ಅಂತ ವರದಿ ಬರುತ್ತಿತ್ತು. ಯಲಬುರ್ಗಾ, ಕುಷ್ಟಗಿ ಕಡೆ ಒಮ್ಮೆ ಓಡಾಡಿದವರು ಇದನ್ನು ನಂಬುತ್ತಾರಾ? ನಿದ್ದೆ ಬರುತ್ತಿಲ್ಲ.

ಗಂಗಾವತಿ_ಕೋಡ್

ಅಣ್ಣ, ಎರಡೂ ಜೋಳದ ಹೆಸರಿಗೆ ಲೆನ್ ಹಾಕಿ ಉದ್ದ ಎಷ್ಟು ಬರುತ್ತದೆ ನೋಡಿ. ಬೋರ್‌ವೆಲ್‌ಗೂ ಅದನ್ನೇ ಮಾಡಿ. ಇನ್ನೊಂದು, ಕಾಲಂ ಹೆಸರನ್ನು ಟೇಬಲ್‌ನ ಮೇಲ್ಗಡೆ ನೋಡಬೇಡಿ. ಕಾಲಮ್ಸ್‌ಗೆ ಟುಲಿಸ್ಟ್ ಕೊಟ್ಟು ಪಟ್ಟಿಯಾಗಿ ಪ್ರಿಂಟ್ ಮಾಡಿ. ಪಟ್ಟಿಯಲ್ಲಿ ಪೈಥಾನ್ ಕಣ್ಣಿಗೆ ಕಾಣದ ಅಕ್ಷರಗಳನ್ನೂ ಬಿಡಿಸಿ ತೋರಿಸುತ್ತದೆ.

ಎಡದಂಡೆ_ಸಿಂಧನೂರು

ಒಂದು ಜೋಳ 3, ಇನ್ನೊಂದು ಜೋಳ 5!

ಬೋರ್‌ವೆಲ್ ಒಂದು 8, ಒಂದು 9. ಪಟ್ಟಿಯಲ್ಲಿ ನೋಡಿದರೆ 'ಬೋರ್' ಆದ ಮೇಲೆ ಒಂದು ಓರೆ ಗೆರೆ, ಯು, 200ಸಿ ಅಂತ ಇದೆ. ಏನಿದು?

ಗಂಗಾವತಿ_ಕೋಡ್

ಸಿಕ್ಕಿತು. ನಿಮ್ಮಲ್ಲಿ ಎರಡು ಬೇರೆ ಬೇರೆ ರೋಗ ಇವೆ. ಎರಡೂ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬಂದೇ ಬರುತ್ತವೆ. ಇಂಗ್ಲಿಷ್ ಫೈಲ್ ಇಟ್ಟುಕೊಂಡು ಬರೆದ ಪಾಠಗಳಲ್ಲಿ ಇವುಗಳ ಮಾತೇ ಇರುವುದಿಲ್ಲ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಜೋಳ. ಯೂನಿಕೋಡ್‌ನಲ್ಲಿ 'ೋ' ಅನ್ನುವ ಗುರುತನ್ನು ಎರಡು ರೀತಿ ಇಡಬಹುದು. ಒಂದು, ಇಡೀ 'ೋ' ಒಂದೇ ಗುರುತಾಗಿ. ಇನ್ನೊಂದು, 'ೆ', 'ೂ' ಮತ್ತು ಕೊನೆಯ ದೀರ್ಘದ ಕೊಂಬು 'ೕ', ಹೀಗೆ ಮೂರು ತುಂಡಾಗಿ. ಪರದೆ ಮೇಲೆ ಎರಡೂ ಒಂದೇ. ಲೆಕ್ಕದಲ್ಲಿ ಮಾತ್ರ ಜ, ೋ, ಳ ಸೇರಿ ಮೂರು, ಇಲ್ಲವೇ ತುಂಡು ತುಂಡಾಗಿ ಐದು. ಕಂಪ್ಯೂಟರ್‌ಗೆ ಇವು ಎರಡು ಪದ. 'ೊ', 'ೇ', 'ೈ', 'ೀ' ಇವುಗಳಿಗೂ ಇದೇ ಕತೆ. 'ಕೊಪ್ಪಳ' ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಒಂದು ರೀತಿ ಇಟ್ಟರೆ 6, ಇನ್ನೊಂದು ರೀತಿ 7. ಅಂದರೆ ಜಿಲ್ಲೆ ಕಾಲಂನಲ್ಲಿ ನಿಮಗೆ ಎರಡು ಕೊಪ್ಪಳ ಇರಬಹುದು. ಅದನ್ನೂ ಈಗಲೇ ನೋಡಿಬಿಡಿ. ಬಳ್ಳಾರಿ, ರಾಯಚೂರಿಗೆ ಈ ತೊಂದರೆ ಇಲ್ಲ. ಅವುಗಳಲ್ಲಿ ಹೀಗೆ ತುಂಡಾಗುವ ಗುರುತಿಲ್ಲ.

ಇದಕ್ಕೆ ಮದ್ದು ಪೈಥಾನ್ ಜೊತೆಗೇ ಬರುತ್ತದೆ. ಯೂನಿಕೋಡ್‌ಡೇಟಾ ಅನ್ನುವ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅಂತ ಒಂದು ಫಂಕ್ಷನ್ ಇದೆ. ಅದಕ್ಕೆ 'ಎನ್‌ಎಫ್‌ಸಿ' ಅಂತ ಹೇಳಿ ಹೆಸರು ಕೊಟ್ಟರೆ, ತುಂಡುಗಳನ್ನು ಕೂಡಿಸಿ ಒಂದೇ ಗುರುತು ಮಾಡಿಕೊಡುತ್ತದೆ. ಐದರ ಜೋಳ ಮೂರರ ಜೋಳ ಆಗುತ್ತದೆ.

ಈಗ ಬೋರ್‌ವೆಲ್. ನೀವು ನೋಡಿದ 200ಸಿ ಅಂದರೆ ಅಗಲವಿಲ್ಲದ ಒಂದು ಗುರುತು. 'ರ್' ಹೋಗಿ 'ವ'ಗೆ ಅಂಟಿಕೊಂಡು 'ಬೋರ್ವೆಲ್' ಆಗದಿರಲಿ ಅಂತ ಕೀಬೋರ್ಡ್ ನಡುವೆ ಹಾಕುವ ತಡೆ. ನಿಮ್ಮ ತಂಡದಲ್ಲಿ ಕೆಲವರು ಫೋನಿನಲ್ಲಿ ಟೈಪ್ ಮಾಡಿದ್ದಾರೆ, ಕೆಲವರು ಕಂಪ್ಯೂಟರ್‌ನಲ್ಲಿ, ಅಲ್ವಾ? ಒಂದು ಕೀಬೋರ್ಡ್ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಸ್ಟ್ರಿಪ್‌ಗೆ ಇದು ಖಾಲಿ ಜಾಗ ಅಲ್ಲವೇ ಅಲ್ಲ, ಹಾಗಾಗಿ ಮುಟ್ಟುವುದಿಲ್ಲ. ಎನ್‌ಎಫ್‌ಸಿ ಕೂಡ ತೆಗೆಯುವುದಿಲ್ಲ. ರಿಪ್ಲೇಸ್ ಹಾಕಿ ನೀವೇ ಕಿತ್ತು ಹಾಕಬೇಕು.

ನಾನು ಮಾಡುವ ಕ್ರಮ ಹೀಗಿದೆ: ಮೊದಲು ಎನ್‌ಎಫ್‌ಸಿ, ಆಮೇಲೆ ಕಾಣದ ಗುರುತು ತೆಗೆಯುವುದು, ಆಮೇಲೆ ಎರಡು ಮೂರು ಖಾಲಿ ಜಾಗ ಒಟ್ಟಿಗಿದ್ದರೆ ಒಂದಾಗಿಸುವುದು, ಕೊನೆಗೆ ಸ್ಟ್ರಿಪ್. ಇಷ್ಟನ್ನು ಒಂದೇ ಫಂಕ್ಷನ್‌ನಲ್ಲಿ ಇಟ್ಟು ಎಲ್ಲ ಕಾಲಂ ಹೆಸರಿನ ಮೇಲೂ ಓಡಿಸಿ. ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಫೈಲ್) ಓದುವಾಗ ಎನ್‌ಕೋಡಿಂಗ್‌ಗೆ 'ಯುಟಿಎಫ್-8-ಸಿಗ್' ಅಂತ ಕೊಡಿ. ಎಕ್ಸೆಲ್ ಫೈಲಿನ ಶುರುವಲ್ಲಿ ಹಾಕುವ ಒಂದು ಕಾಣದ ಗುರುತು ಮೊದಲ ಕಾಲಂ ಹೆಸರಿಗೆ ಅಂಟಿಕೊಳ್ಳುವುದು ತಪ್ಪುತ್ತದೆ.

ಒಂದು ಎಚ್ಚರಿಕೆ. ಈ ಸಫಾಯಿ ಕಾಲಂ ಹೆಸರಿಗೆ ಮಾತ್ರ. ಜನರ ಹೆಸರು, ಅವರು ಕೊಟ್ಟ ಉತ್ತರದ ಮೇಲೆ ಕಣ್ಣುಮುಚ್ಚಿ ಓಡಿಸಬೇಡಿ. ಅಲ್ಲಿ ಎನ್‌ಎಫ್‌ಸಿ ಮಾಡಿದರೆ ತೊಂದರೆ ಇಲ್ಲ, ಆದರೆ ಕಾಣದ ಗುರುತು ಕಿತ್ತರೆ ಬರಹದ ರೂಪ ಕೆಡುತ್ತದೆ. 'ರ‍್ಯಾಂಕ್' ಬರೆಯುವಾಗ ಬರುವುದೂ ಅಂಥದೇ ಒಂದು ಗುರುತು. ಅದನ್ನು ತೆಗೆದರೆ 'ರ' ಅರ್ಕಾವತ್ತಾಗಿಬಿಡುತ್ತದೆ, ಓದಲು ಬರುವುದಿಲ್ಲ.

ಎಡದಂಡೆ_ಸಿಂಧನೂರು

ಓಡಿಸಿದೆ. ಜೋಳ ಒಂದಾಯಿತು. ಬೋರ್‌ವೆಲ್ ಒಂದಾಯಿತು. ಜಿಲ್ಲೆ ಕಾಲಂನಲ್ಲಿ ನೀವು ಹೇಳಿದ ಹಾಗೆ ನಿಜವಾಗಿ ಎರಡು ಕೊಪ್ಪಳ ಇದ್ದವು ಅಣ್ಣ. ನನಗೆ ಒಂಥರಾ ಮೈ ಜುಂ ಅಂತು.

ಉಳಿದ ಕಾಲಂಗಳ ಹೆಸರು ಮೂರು ಫೈಲ್‌ನಲ್ಲಿ ಮೂರು ರೀತಿ ಇವೆ. 38 ಹೊಸ ಹೆಸರಿನ ಒಂದು ಪಟ್ಟಿ ಮಾಡಿ ಟೇಬಲ್‌ನ ಕಾಲಂ ಹೆಸರುಗಳಿಗೆ (ಡಿಎಫ್ ಡಾಟ್ ಕಾಲಮ್ಸ್) ನೇರ ಕೊಟ್ಟುಬಿಡಲಾ? ಪ್ರಶ್ನೆ ಕ್ರಮ ಮೂರರಲ್ಲೂ ಒಂದೇ ಇದೆ.

ಹಗರಿ_ತೀರ

ಬರೀ 38 ಹೆಸರು ಅಲ್ವಾ? ಎಕ್ಸೆಲ್ ತೆಗೆದು ಮೇಲಿನ ಸಾಲಿನಲ್ಲಿ ಟೈಪ್ ಮಾಡಿ. ಹತ್ತು ನಿಮಿಷದ ಕೆಲಸಕ್ಕೆ ಇಷ್ಟೊಂದು ಕೋಡ್ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ನಾನು ಐದಾರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ಬಳ್ಳಾರಿ_ಫೀಲ್ಡ್

ತಮ್ಮಾ, ಕ್ರಮ ನಂಬಿ ಹೆಸರು ಕೊಡಬೇಡ. ದಯವಿಟ್ಟು. ನಾನು ಇದರಲ್ಲಿ ಸುಟ್ಟುಕೊಂಡವಳು, ಪೂರ್ತಿ ಹೇಳುತ್ತೇನೆ.

ಹಿಂದೆ ಒಂದು ಸಂಸ್ಥೆಯಲ್ಲಿದ್ದೆ. ಬಳ್ಳಾರಿ ತಾಲೂಕಿನ ಊರುಗಳಲ್ಲಿ ಮನೆ ಖರ್ಚು, ಆದಾಯ, ಸಾಲದ ಸರ್ವೆ. ಮೊದಲ ಸುತ್ತಿನಲ್ಲಿ 'ವರ್ಷದ ಆದಾಯ' ಮೊದಲು, 'ಬಾಕಿ ಸಾಲ' ಆಮೇಲೆ ಇತ್ತು. ಆದಾಯ ಎಷ್ಟು ಅಂತ ಮೊದಲೇ ಕೇಳಿದರೆ ಜನ ಬಾಯಿ ಬಿಡುವುದಿಲ್ಲ. ಹಾಗಾಗಿ ಎರಡನೇ ಸುತ್ತಿಗೆ ನಮ್ಮ ಮೇಲ್ವಿಚಾರಕರು ಎರಡೂ ಪ್ರಶ್ನೆಗಳನ್ನು ಅದಲು ಬದಲು ಮಾಡಿದರು. ಒಳ್ಳೆಯ ಯೋಚನೆಯೇ. ಆದರೆ ಕಚೇರಿಯಲ್ಲಿ ಕೋಡ್ ಬರೆದವರಿಗೆ ಹೇಳಲಿಲ್ಲ. ಕಾಲಂ ಸಂಖ್ಯೆ ಅಷ್ಟೇ ಇತ್ತು. ಪಾಂಡಾಸ್ ಹೆಸರುಗಳ ಎಣಿಕೆ ಸರಿ ಇದೆಯಾ ಅಂತ ಮಾತ್ರ ನೋಡುತ್ತದೆ. ಎಣಿಕೆ ಸರಿ ಇತ್ತು. ಹೆಸರು ಕೂತಿತು.

ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಪ್ರಿಂಟ್ ಹಾಕಿ ಮೇಜಿನ ಮೇಲೆ ಇಟ್ಟಿದ್ದೆವು. ನಮ್ಮ ಜೊತೆ ಊರೂರು ತಿರುಗಿದ ಹುಡುಗಿ ಒಬ್ಬಳು ಚಹಾ ಹಿಡಿದು ನಿಂತು ಓದುತ್ತಿದ್ದಳು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಮೇಡಂ, ಈ ಅಮ್ಮ ಸಾಲ ಇಲ್ಲ ಅಂದಿದ್ದರು. ಎರಡು ಸಲ ಕೇಳಿದ್ದೆ" ಅಂದಳು. ತರಕಾರಿ ಮಾರುವ ಒಬ್ಬ ವಿಧವೆಯ ಮನೆ ಅದು. ಹಾಳೆಯಲ್ಲಿ ಸಾಲ 48,000, ಆದಾಯ ಸೊನ್ನೆ. ಕಟ್ಟೆ ಮೇಲೆ ಕೂತು ಮಜ್ಜಿಗೆ ಕುಡಿದದ್ದು, ಯಾರ ಮುಂದೆಯೂ ಕೈ ಚಾಚಿಲ್ಲ ಅಂತ ಆಕೆ ಹೇಳಿದ್ದು, ಎಲ್ಲ ಆ ಹುಡುಗಿಗೆ ನೆನಪಿತ್ತು. ಇಡೀ ಸುತ್ತಿನಲ್ಲಿ ಸಾಲ ಮತ್ತು ಆದಾಯ ತಿರುಗುಮುರುಗಾಗಿತ್ತು.

ಆ ಅಮ್ಮ ನಂಬಿ ಹೇಳಿದ ಮಾತನ್ನು ನಾವು ಉಲ್ಟಾ ಬರೆದಿದ್ದೆವು. ನನಗೆ ಅದು ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಾನು ಮಾಡುವುದು ಹೀಗೆ. ಒಂದು ಸಣ್ಣ ಸಿಎಸ್‌ವಿ ಇಡುತ್ತೇನೆ, 'ಹೆಸರುಪಟ್ಟಿ' ಅಂತ. ಯಾವ ಫೈಲ್, ಅದರಲ್ಲಿರುವ ಹಳೆ ಹೆಸರು, ನಮ್ಮ ಹೊಸ ಹೆಸರು, ಮತ್ತು ಜನರಿಗೆ ಕೇಳಿದ ಪ್ರಶ್ನೆ ಇದ್ದದ್ದು ಇದ್ದ ಹಾಗೆ. ಕೋಡ್ ಈ ಪಟ್ಟಿ ಓದಿ ಹಳೆ ಹೆಸರಿನಿಂದ ಹೊಸ ಹೆಸರಿಗೆ ಬದಲಾಯಿಸುತ್ತದೆ. ಜಾಗ ನೋಡಿ ಅಲ್ಲ, ಹೆಸರು ನೋಡಿ. ಪ್ರಶ್ನೆ ಅದಲು ಬದಲಾದರೂ ಹೆಸರು ತನ್ನ ಅಂಕಿಯ ಜೊತೆಗೇ ಹೋಗುತ್ತದೆ.

ಪಾಂಡಾಸ್‌ನ ರಿನೇಮ್‌ನಲ್ಲಿ ಒಂದು ಗುಂಡಿ ಇದೆ. ನೀನು ಹೇಳಿದ ಹಳೆ ಹೆಸರು ಫೈಲ್‌ನಲ್ಲಿ ಇಲ್ಲದಿದ್ದರೆ ಅದು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಚಕಾರ ಎತ್ತುವುದಿಲ್ಲ. ಎರರ್ಸ್ ಅನ್ನುವುದಕ್ಕೆ 'ರೈಸ್' ಅಂತ ಕೊಡು. ಆಗ ಇಲ್ಲದ ಹೆಸರು ಸಿಕ್ಕ ಕೂಡಲೇ ನಿಂತು ಕೂಗುತ್ತದೆ. ಕೂಗಿದರೆ ಒಳ್ಳೆಯದು. ಮತ್ತೆ, ರಿನೇಮ್ ಹೊಸ ಟೇಬಲ್ ಕೊಡುತ್ತದೆ, ಹಳೆಯದನ್ನು ಬದಲಿಸುವುದಿಲ್ಲ. ಬಂದದ್ದನ್ನು ಒಂದು ಹೆಸರಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

ರಿನೇಮ್‌ಗೆ ಮುಂಚೆ ಒಂದು ಪರೀಕ್ಷೆ, ಆದ ಮೇಲೆ ಒಂದು. ಮುಂಚೆ: ಪಟ್ಟಿಯಲ್ಲಿರುವ ಹೆಸರುಗಳ ಸೆಟ್, ಫೈಲ್‌ನಲ್ಲಿರುವ ಹೆಸರುಗಳ ಸೆಟ್. ಅದರಲ್ಲಿ ಇದನ್ನು ಕಳೆ, ಇದರಲ್ಲಿ ಅದನ್ನು ಕಳೆ. ಎರಡೂ ಕಡೆ ಖಾಲಿ ಬರಬೇಕು. ಒಂದು ಕಡೆ ಮಾತ್ರ ನೋಡಿದರೆ ಸಾಲದು. ಯಾರೋ ಹೊಸದಾಗಿ ಸೇರಿಸಿದ ಪ್ರಶ್ನೆ ಇನ್ನೊಂದು ಕಡೆಯಲ್ಲಿ ಅಡಗಿರುತ್ತದೆ. ಆದ ಮೇಲೆ: ಕಾಲಮ್ಸ್‌ಗೆ ಈಸ್ ಯುನೀಕ್ ಕೇಳು. ಎರಡು ಹಳೆ ಹೆಸರು ಹೋಗಿ ಒಂದೇ ಹೊಸ ಹೆಸರಾಗಿದ್ದರೆ ಅಲ್ಲಿ ಸುಳ್ಳು ಅಂತ ಬರುತ್ತದೆ.

ಇಷ್ಟಾದ ಮೇಲೂ ಪ್ರತಿ ತಂಡದ ಐದು ಮನೆ ಆರಿಸಿ, ಕಾಗದ ಅಥವಾ ಆ್ಯಪ್‌ನ ಮೂಲ ಫಾರಂ ಜೊತೆ ಸಾಲು ಸಾಲು ಓದಿಸು. ಓದುವವರು ಆ ಮನೆಗೆ ಹೋದವರೇ ಆಗಿರಲಿ.

ಗಂಗಾವತಿ_ಕೋಡ್

ಅಕ್ಕ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಒಂದೇ ಸೇರ್ಪಡೆ. ಎರಡು ಕಾಲಂಗೆ ಒಂದೇ ಹೆಸರು ಬಿದ್ದರೆ, 'ಜೋಳ' ಅಂತ ಕೇಳಿದಾಗ ಪಾಂಡಾಸ್ ಒಂದು ಕಾಲಂ ಬದಲು ಎರಡು ಕಾಲಂನ ಟೇಬಲ್ ಕೊಡುತ್ತದೆ. ಸಿಎಸ್‌ವಿ ಓದುವಾಗಲೇ ಎರಡು ಒಂದೇ ಹೆಸರು ಇದ್ದರೆ ಎರಡನೆಯದನ್ನು 'ಜೋಳ.1' ಮಾಡುತ್ತದೆ. ಹೆಸರಿನ ಕೊನೆಗೆ ಚುಕ್ಕಿ ಒಂದು ಕಂಡರೆ ಸೀದಾ ಮೂಲ ಫೈಲ್ ತೆರೆದು ನೋಡಿ.

ಎಡದಂಡೆ_ಸಿಂಧನೂರು

ಅಕ್ಕಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಮೂರೂ ಫೈಲ್ ತೆಗೆದು ಕ್ರಮ ನೋಡಿದೆ. ಒಂದೇ ಇದೆ ಅಂತ ನಾನೇ ಬರೆದಿದ್ದೆ ಮೇಲೆ. ಒಂದೇ ಇಲ್ಲ. ಬಳ್ಳಾರಿಯವರು ನಡುವೆ ಒಂದು ಪ್ರಶ್ನೆ ಅಳಿಸಿ ಹೊಸದಾಗಿ ಬರೆದಿದ್ದಾರೆ. ಗೂಗಲ್ ಶೀಟ್‌ನಲ್ಲಿ ಹಳೆಯ ಕಾಲಂ ಅಲ್ಲೇ ಉಳಿದು, ಹೊಸದು ಕೊನೆಗೆ ಹೋಗಿ ಕೂತಿದೆ.

ಬಳ್ಳಾರಿ_ಫೀಲ್ಡ್

ಗೂಗಲ್ ಫಾರ್ಮ್ ಹಾಗೇ ಮಾಡುತ್ತದೆ. ಹಳೆ ಕಾಲಂನಲ್ಲೂ ಮೊದಲ ದಿನಗಳ ಉತ್ತರ ಇರುತ್ತವೆ, ಬಿಸಾಡಬೇಡ. ಎರಡಕ್ಕೂ ಬೇರೆ ಹೆಸರು ಕೊಟ್ಟು, ಪ್ರಶ್ನೆಯ ಮಾತು ಬದಲಾಗಿದೆಯಾ ಅಂತ ಓದಿ ನೋಡು. ಮಾತು ಬದಲಾಗಿದ್ದರೆ ಒಂದರೊಳಗೆ ಒಂದು ಸೇರಿಸುವಂತಿಲ್ಲ.

ಹಗರಿ_ತೀರ

ಅಕ್ಕಾರ ಮಾತು ಸರಿ ಅನ್ನಿಸುತ್ತಿದೆ. ಆದರೂ ಕೇಳುತ್ತೇನೆ, ಎಕ್ಸೆಲ್‌ನಲ್ಲಿ ಹೆಸರು ನೋಡಿಯೇ ಬದಲಾಯಿಸಿದರೆ ಏನು ತೊಂದರೆ? ಕಣ್ಣೆದುರೇ ಇರುತ್ತದಲ್ಲ.

ಗಂಗಾವತಿ_ಕೋಡ್

ಎರಡು ತೊಂದರೆ. ಯಾವುದನ್ನು ಏನು ಮಾಡಿದಿರಿ ಅನ್ನುವ ಗುರುತು ಎಲ್ಲೂ ಉಳಿಯುವುದಿಲ್ಲ. ಮುಂದಿನ ಸುತ್ತಿನ ಫೈಲ್ ಬಂದಾಗ ಮತ್ತೆ ಮೊದಲಿಂದ ಮಾಡಬೇಕು, ಆ ಸಲ ಒಂದು ಹೆಸರು ತಪ್ಪಿದರೆ ಹಿಡಿಯುವವರಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಒಳಗಿನ ಅಂಕಿಗಳೇ ಬದಲಾಗುತ್ತವೆ. ಸೊನ್ನೆಯಿಂದ ಶುರುವಾಗುವ ಕೋಡ್‌ಗಳ ಸೊನ್ನೆ ಹಾರಿಹೋಗುತ್ತದೆ. ಒಮ್ಮೆ ನಮ್ಮ ಫೈಲ್‌ನಲ್ಲಿ ಎರಡು ಎಕರೆ ಹತ್ತು ಗುಂಟೆಯನ್ನು 2-10 ಅಂತ ಬರೆದಿದ್ದರು. ತೆರೆದು ನೋಡಿದರೆ ಅಕ್ಟೋಬರ್ 2 ಆಗಿ ಕೂತಿತ್ತು. ಗಾಂಧಿ ಜಯಂತಿ ದಿನ ಆ ರೈತನ ಹೊಲ ಆಗಿಬಿಟ್ಟಿತ್ತು. ಪಾಂಡಾಸ್‌ನಲ್ಲಿ ಓದುವಾಗಲೂ ಮೊದಲು ಎಲ್ಲವನ್ನೂ ಅಕ್ಷರವಾಗಿ ಓದಿಸಿ, ಡಿಟೈಪ್‌ಗೆ ಎಸ್‌ಟಿಆರ್ ಕೊಟ್ಟು. ಅಂಕಿಗೆ ಬದಲಾಯಿಸುವುದು ಆಮೇಲೆ, ಒಂದೊಂದೇ ಕಾಲಂ.

ಹಗರಿ_ತೀರ

ಅಕ್ಟೋಬರ್ 2 ನನ್ನ ಫೈಲ್‌ನಲ್ಲೂ ನೋಡಿದ್ದೇನೆ. ಟೈಪಿಂಗ್ ತಪ್ಪು ಅಂದುಕೊಂಡು ಅಳಿಸಿದ್ದೆ. ಹಳೆಯ ಫೈಲ್‌ಗಳನ್ನು ಈ ವಾರ ತೆರೆದು ನೋಡಬೇಕು. ಹೇಳಿದ್ದಕ್ಕೆ ಉಪಕಾರವಾಯಿತು.

ರಾಯಚೂರು_ಕೃಷಿ

ನಾನು ಎಂಎಸ್ಸಿ ಕೃಷಿ ವಿದ್ಯಾರ್ಥಿ, ಆರ್ ಅನ್ನುವ ಅಂಕಿಅಂಶದ ಭಾಷೆ ಬಳಸುತ್ತೇನೆ. ಆರ್‌ನಿಂದ ಪಾಂಡಾಸ್‌ಗೆ ಹೋಗಿ ಬರುವವರಿಗೆ ಒಂದು ಮಾತು. ಆರ್‌ನ ಡಿಪ್ಲೈಆರ್ ಪ್ಯಾಕೇಜಿನ ರಿನೇಮ್‌ನಲ್ಲಿ ಹೊಸ ಹೆಸರು ಎಡಕ್ಕೆ, ಹಳೆಯದು ಬಲಕ್ಕೆ. ಪಾಂಡಾಸ್‌ನಲ್ಲಿ ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ನಾನು ತಿಂಗಳುಗಟ್ಟಲೆ ಉಲ್ಟಾ ಬರೆದಿದ್ದೇನೆ. ಆರ್‌ನಲ್ಲಿ ಇಲ್ಲದ ಹೆಸರು ಕೊಟ್ಟರೆ ತಾನಾಗಿಯೇ ಎರರ್ ಬರುತ್ತದೆ, ಅದೊಂದು ನೆಮ್ಮದಿ.

ಇನ್ನು ಆರ್‌ನಲ್ಲಿ ಫೈಲ್ ಓದುವ ರೀಡ್ ಡಾಟ್ ಸಿಎಸ್‌ವಿ. ಚೆಕ್ ನೇಮ್ಸ್ ಅನ್ನುವುದಕ್ಕೆ ಫಾಲ್ಸ್ ಕೊಡದಿದ್ದರೆ ಕಾಲಂ ಹೆಸರಿನ ಖಾಲಿ ಜಾಗ, ಪ್ರಶ್ನೆ ಚಿಹ್ನೆ ಎಲ್ಲ ಚುಕ್ಕಿ ಆಗುತ್ತವೆ. ಜಾನಿಟರ್ ಪ್ಯಾಕೇಜಿನ ಕ್ಲೀನ್ ನೇಮ್ಸ್ ತುಂಬಾ ಜನ ಬಳಸುತ್ತಾರೆ, ಆದರೆ ಅದು ಕನ್ನಡ ಹೆಸರನ್ನು ಇಂಗ್ಲಿಷ್ ಲಿಪಿಗೆ ತಿರುಗಿಸಿಬಿಡುತ್ತದೆ. ಗೊತ್ತಿದ್ದು ಬಳಸಿದರೆ ಪರವಾಗಿಲ್ಲ.

ನನ್ನ ಪ್ರಶ್ನೆ, ಕಾಲಂ ಹೆಸರು ಕನ್ನಡದಲ್ಲೇ ಇಡುವುದು ಒಳ್ಳೆಯದಾ? ನಮ್ಮ ಗೈಡ್ ಬೇಡ ಅನ್ನುತ್ತಾರೆ.

ಗಂಗಾವತಿ_ಕೋಡ್

ಎರಡೂ ಕಡೆ ಮಾತಿದೆ. ಪೈಥಾನ್‌ಗೆ ಕನ್ನಡ ಹೆಸರು ಏನೂ ತೊಡಕಿಲ್ಲ. ವೇರಿಯಬಲ್‌ಗೂ ಕನ್ನಡ ಹೆಸರು ಇಡಬಹುದು, ಒಳಗೆ ಕಾಣದ ಗುರುತು ಇಲ್ಲದಿದ್ದರೆ ಸಾಕು. ಕನ್ನಡ ಅಂಕಿಗಳನ್ನೂ ಓದುತ್ತದೆ. ೧೨ ಅನ್ನು ಇಂಟ್‌ಗೆ ಕೊಟ್ಟರೆ 12 ಬರುತ್ತದೆ. ಆದರೆ 'ಮನೆ_೧' ಮತ್ತು 'ಮನೆ_1' ಅದರ ಕಣ್ಣಿಗೆ ಬೇರೆ ಹೆಸರು. ಒಂದು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ತೊಡಕು ಬರುವುದು ಬೇರೆ ಸಾಫ್ಟ್‌ವೇರ್‌ಗೆ ಕೊಡುವಾಗ. ಸ್ಟೇಟಾದಲ್ಲಿ ಹೆಸರು 32 ಅಕ್ಷರ ದಾಟುವಂತಿಲ್ಲ. ಎಸ್‌ಪಿಎಸ್‌ಎಸ್‌ನಲ್ಲಿ ಮಿತಿ 64 ಬೈಟ್. ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು, ಅಂದರೆ 21 ಗುರುತಿಗೆ ಮುಗಿಯಿತು. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಲೆಕ್ಕಕ್ಕೆ ಬರುತ್ತವೆ.

ಬಳ್ಳಾರಿ_ಫೀಲ್ಡ್

ನನ್ನ ಹೆಸರುಪಟ್ಟಿಯಲ್ಲಿ ಎರಡೂ ಇವೆ. ಲೆಕ್ಕ ಮಾಡುವ ಫೈಲ್‌ಗೆ ಇಂಗ್ಲಿಷ್ ಲಿಪಿಯ ಚಿಕ್ಕ ಹೆಸರು, ತಂಡದವರು ಓದುವ ಫೈಲ್‌ಗೆ ಕನ್ನಡ. ಕೋಡ್ ಒಂದೇ ಪಟ್ಟಿಯಿಂದ ಎರಡನ್ನೂ ಹುಟ್ಟಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ದತ್ತಾಂಶ ಇಳಿಸಿಕೊಂಡವರಿಗೆ ಗೊತ್ತು, ಅಲ್ಲಿ ಮನೆಯಲ್ಲಿರುವ ಜನರ ಸಂಖ್ಯೆಯ ಕಾಲಂ ಹೆಸರು ಎಚ್‌ವಿ009. ಪಕ್ಕದಲ್ಲಿ ವಿವರದ ಪಟ್ಟಿ ಇಲ್ಲದೆ ಅದನ್ನು ಯಾರೂ ಓದಲಾರರು. ಆದರೆ ಆ ಸಂಕೇತ ಸುತ್ತಿನಿಂದ ಸುತ್ತಿಗೆ ಬದಲಾಗುವುದಿಲ್ಲ, ಹಾಗಾಗಿ 2015-16ರ ಫೈಲನ್ನೂ 2019-21ರ ಫೈಲನ್ನೂ ಪಕ್ಕದಲ್ಲಿಟ್ಟು ನೋಡಲು ಬರುತ್ತದೆ.

ಆದರೆ ಕನ್ನಡದ ಹೆಸರು ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಹುಡುಗಿ ಚಹಾ ಹಿಡಿದು ಓದಿದ್ದು ಕನ್ನಡದ ಹಾಳೆಯನ್ನು.

ಯಲಬುರ್ಗಾ_ಪಹಣಿ

ನಾನು ನಿವೃತ್ತ ಗ್ರಾಮ ಲೆಕ್ಕಿಗ. ಕೋಡ್ ಗೊತ್ತಿಲ್ಲ. ಮಗಳು ಈ ಚರ್ಚೆ ತೋರಿಸಿದಳು, ಒಂದು ವಿಷಯ ಹೇಳಬೇಕು ಅನ್ನಿಸಿತು.

'ಜಮೀನು' ಅಂತ ಕಾಲಂ ಇದ್ದರೆ ಅದರಲ್ಲಿ ಏನು ಬರೆದಿದ್ದಾರೆ ಅಂತ ನೋಡಿದಿರಾ? ನಮ್ಮ ರೈತರು, ನಮ್ಮ ಹುಡುಗರು 2.20 ಅಂತ ಬರೆದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ. ಅಂದರೆ ಎರಡೂವರೆ ಎಕರೆ. ಕಂಪ್ಯೂಟರ್ ಅದನ್ನು ಎರಡು ಪಾಯಿಂಟ್ ಎರಡು ಅಂತ ಓದಿದರೆ ಮನೆಗೆ ಹನ್ನೆರಡು ಗುಂಟೆ ಹೋಯಿತು. 3.05 ಬರೆದರೆ ಮೂರು ಎಕರೆ ಐದು ಗುಂಟೆ. ಚುಕ್ಕಿಯ ನಂತರ 40 ಅಥವಾ ಅದಕ್ಕಿಂತ ಜಾಸ್ತಿ ಎಲ್ಲಾದರೂ ಕಂಡರೆ ಅಲ್ಲಿ ಬರೆದವರು ಗುಂಟೆ ಬರೆದಿಲ್ಲ ಅಂತ ತಿಳಿಯಿರಿ. ಒಂದೇ ಕಾಲಂನಲ್ಲಿ ಎರಡೂ ರೀತಿ ಬೆರೆತಿರುವುದನ್ನು ನಾನು ನೋಡಿದ್ದೇನೆ.

ಮತ್ತೆ, ಜಮೀನು ಅಂದರೆ ಪಹಣಿಯಲ್ಲಿ ಹೆಸರಿರುವುದಾ, ಉಳುತ್ತಿರುವುದಾ? ಕಾಲುವೆ ಕೆಳಗೆ ಲೀಸಿಗೆ, ಪಾಲಿಗೆ ಮಾಡುವವರು ಬಹಳ. ಸ್ವಂತ ಒಂದು ಎಕರೆ ಇದ್ದು ಎಂಟು ಎಕರೆ ಮಾಡುವವನನ್ನು ಯಾವ ಕಾಲಂಗೆ ಹಾಕುತ್ತೀರಿ?

ಎಡದಂಡೆ_ಸಿಂಧನೂರು

ಸರ್, ಕೈ ಮುಗಿದೆ. ನೀವು ಹೇಳಿದ್ದು ಮೂರು ಫೈಲ್‌ನಲ್ಲೂ ಇದೆ. ಬಳ್ಳಾರಿಯವರು ಎಕರೆ-ಗುಂಟೆ ಬರೆದಿದ್ದಾರೆ. ನಮ್ಮ ಆ್ಯಪ್‌ನಲ್ಲಿ ದಶಮಾಂಶ ಅಂತ ಹೇಳಿ ತುಂಬಿಸಿದ್ದೆವು. ಕೊಪ್ಪಳದ್ದು ಎಕರೆ-ಗುಂಟೆ. ಇಳುವರಿಯಲ್ಲೂ ಇದೇ ಆಗಿದೆ. ಭತ್ತವನ್ನು ನಾವು ಚೀಲದಲ್ಲಿ ಕೇಳಿದ್ದೇವೆ, ಇಲ್ಲಿ ಚೀಲ ಅಂದರೆ 75 ಕೆಜಿ. ಬಳ್ಳಾರಿ ತಂಡ ಕ್ವಿಂಟಲ್ ಕೇಳಿದೆ. ಎಕರೆಗೆ 40 ಚೀಲ ಅಂದರೆ 30 ಕ್ವಿಂಟಲ್. ಮೂರಕ್ಕೂ 'ಇಳುವರಿ' ಅಂತ ಒಂದೇ ಹೆಸರು ಕೊಟ್ಟು ಕೂಡಿಸಿದ್ದರೆ ರಾಯಚೂರಿನವರೇ ಜಾಸ್ತಿ ಬೆಳೆಯುತ್ತಾರೆ ಅಂತ ಬರುತ್ತಿತ್ತು.

ಹೆಸರುಪಟ್ಟಿಗೆ ಅಳತೆ ಅಂತ ಒಂದು ಕಾಲಂ ಸೇರಿಸಿದೆ. ಈಗ ಹೀಗಿದೆ, ತಪ್ಪಿದ್ದರೆ ಹೇಳಿ:

ಬಳ್ಳಾರಿ | ನಿಮ್ಮ ಸ್ವಂತ ಜಮೀನು ಎಷ್ಟು? | ಸ್ವಂತ_ಜಮೀನು_ಎಗುಂ | ಎಕರೆ-ಗುಂಟೆ
ರಾಯಚೂರು | ಜಮೀನು/ಸ್ವಂತ | ಸ್ವಂತ_ಜಮೀನು_ಎಕರೆ | ದಶಮಾಂಶ
ಕೊಪ್ಪಳ | ಜಮೀನು (ಸ್ವಂತ) | ಸ್ವಂತ_ಜಮೀನು_ಎಗುಂ | ಎಕರೆ-ಗುಂಟೆ
ರಾಯಚೂರು | ಮುಂಗಾರು/ಜೋಳ | ಜೋಳ_ಮುಂಗಾರು_ಎಕರೆ | ದಶಮಾಂಶ
ರಾಯಚೂರು | ಹಿಂಗಾರು/ಜೋಳ | ಜೋಳ_ಹಿಂಗಾರು_ಎಕರೆ | ದಶಮಾಂಶ

ಹೆಸರು ಬದಲಾಯಿಸುವ ಕೋಡ್ ಬೇರೆ, ಗುಂಟೆಯನ್ನು ಎಕರೆಗೆ ತಿರುಗಿಸುವ ಕೋಡ್ ಬೇರೆ ಇಟ್ಟಿದ್ದೇನೆ. ತಿರುಗಿಸಿದ ಮೇಲೆ ಹೊಸ ಕಾಲಂ ಹುಟ್ಟುತ್ತದೆ, ಹಳೆಯದು ಹಾಗೇ ಇರುತ್ತದೆ.

ಗಂಗಾವತಿ_ಕೋಡ್

ಚೆನ್ನಾಗಿದೆ. ಕೊನೆಯ ಎರಡು ಸಾಲು ನೋಡಿ ಖುಷಿಯಾಯಿತು. ಕೋಬೊದಿಂದ ಬಂದ ಹೆಸರಿನಲ್ಲಿ ಗುಂಪಿನ ಹೆಸರು, ಓರೆ ಗೆರೆ, ಆಮೇಲೆ ಪ್ರಶ್ನೆ ಇರುತ್ತದೆ. ತುಂಬಾ ಜನ ಓರೆ ಗೆರೆಯಿಂದ ಮುಂದಿನದನ್ನಷ್ಟೇ ಉಳಿಸಿಕೊಂಡು ಬಿಡುತ್ತಾರೆ. ಹಾಗೆ ಮಾಡಿದ್ದರೆ ಮುಂಗಾರಿನ ಜೋಳವೂ ಹಿಂಗಾರಿನ ಬಿಳಿಜೋಳವೂ ಒಂದೇ ಹೆಸರಿಗೆ ಬೀಳುತ್ತಿದ್ದವು.

ತಾಲೂಕು ಕಾಲಂಗೂ ವರ್ಷ ಹಾಕಿ. ನೀವು 2011ರ ಜನಗಣತಿ ಜೊತೆ ಜೋಡಿಸುತ್ತೀರಾದರೆ ಆಗ ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು, ಕುರುಗೋಡು, ಕಂಪ್ಲಿ ತಾಲೂಕುಗಳೇ ಇರಲಿಲ್ಲ. ಆ ಗಣತಿಯ ಬಳ್ಳಾರಿ ಜಿಲ್ಲೆಯೊಳಗೆ ಹೊಸಪೇಟೆಯೂ ಇದೆ. ವಿಜಯನಗರ ಬೇರೆ ಜಿಲ್ಲೆ ಆದದ್ದು 2021ರಲ್ಲಿ. 1991ರ ಗಣತಿಗೆ ಹೋದರೆ ಕೊಪ್ಪಳವೇ ರಾಯಚೂರಿನೊಳಗೆ ಸಿಗುತ್ತದೆ. ಹೆಸರು ಒಂದೇ, ಗಡಿ ಬೇರೆ. 'ತಾಲೂಕು_2011', 'ತಾಲೂಕು_ಈಗ' ಅಂತ ಎರಡು ಕಾಲಂ ಇಟ್ಟುಕೊಳ್ಳಿ.

ಯಲಬುರ್ಗಾ_ಪಹಣಿ

ಕುಕನೂರು ಮೊದಲು ನಮ್ಮ ಯಲಬುರ್ಗಾ ತಾಲೂಕೇ. ಹಳೆಯ ಊರಿನ ಪಟ್ಟಿ ಬೇಕಾದರೆ ಕೇಳು ತಮ್ಮಾ, ಯಾವ ಊರು ಯಾವ ಹೋಬಳಿ ಅಂತ ಕೂತು ಬರೆದು ಕೊಡುತ್ತೇನೆ.

ಎಡದಂಡೆ_ಸಿಂಧನೂರು

ಬೇಕು ಸರ್. ಕಾಯುತ್ತೇನೆ.

ಇವತ್ತಿನ ಸ್ಥಿತಿ ಹೇಳಿಬಿಡುತ್ತೇನೆ. ಎರಡೂ ಕಡೆ ಕಳೆದಾಗ ಖಾಲಿ ಬಂತು. ಈಸ್ ಯುನೀಕ್ ನಿಜ ಅಂತ ಬಂತು. ಪ್ರತಿ ತಂಡದ ಐದು ಮನೆ ಓದಿಸಿದೆವು. ಬಳ್ಳಾರಿ, ಕೊಪ್ಪಳ ಪೂರ್ತಿ ಸರಿ. ನಮ್ಮ ರಾಯಚೂರಿನದರಲ್ಲೇ ಒಂದು ಸಿಕ್ಕಿತು. ದಶಮಾಂಶ ಅಂತ ಹೇಳಿದ್ದರೂ ಒಬ್ಬರು ಗುಂಟೆ ಬರೆದಿದ್ದಾರೆ. ಆ ಒಬ್ಬರು ಹೋದ ಮನೆಗಳನ್ನೆಲ್ಲ ತೆಗೆದೆ. ಒಟ್ಟು 23. ಅದರಲ್ಲಿ 12 ಮನೆಯವರು ಫೋನಿನಲ್ಲಿ ಸಿಕ್ಕರು, ಸರಿ ಮಾಡಿಕೊಂಡೆವು. ಉಳಿದ 11 ಮನೆ ಮಸ್ಕಿ ಕಡೆಯ ಒಂದೇ ಕ್ಯಾಂಪ್ ಊರಿನಲ್ಲಿವೆ. ಶನಿವಾರ ಬೆಳಗ್ಗೆ ಬಸ್ಸಿಗೆ ಹೊರಟಿದ್ದೇವೆ. ಕೇಳಿಕೊಂಡು ಬಂದು ಇಲ್ಲಿ ಬರೆಯುತ್ತೇನೆ.